ಕಾರ್ಡಿನ ಮೂರನೆಯ ಖಾನೆ

ವೈದ್ಯರ ಸಂಘದ ಖಾಸಗಿ ನರ್ಸುಗಳ ನೋಂದಣಿ ವಿಭಾಗಕ್ಕೆ ಐವತ್ತು ತುಂಬಿತೆಂದು ಒಂದು ನೆನಪಿನ ಸಂಚಿಕೆ ತಂದಿದ್ದಾರೆ. ಹೊಳೆಯುವ ಕಾಗದ, ಒಳ್ಳೆಯ ಅಚ್ಚು. ನನಗೂ ಒಂದು ಪ್ರತಿ ಕಳಿಸಿದ್ದಾರೆ, ದೊಡ್ಡ ಮನಸ್ಸು. ಪುಟ ತಿರುವಿದರೆ ಬರೀ ಡಾಕ್ಟರುಗಳು. ನಿಂತ ಡಾಕ್ಟರು, ಕೂತ ಡಾಕ್ಟರು, ರಿಬ್ಬನ್ ಕತ್ತರಿಸುವ ಡಾಕ್ಟರು. ನರ್ಸುಗಳ ಚಿತ್ರ ಒಂದೇ ಒಂದಿದೆ. ಅದರಲ್ಲೂ ನಮ್ಮ ಮುಖ ಕಾಣುವುದಿಲ್ಲ, ಮುಂದೆ ಅಧ್ಯಕ್ಷರು ನಿಂತುಬಿಟ್ಟಿದ್ದಾರೆ. ಹೋಗಲಿ, ಈ ವಯಸ್ಸಿನಲ್ಲಿ ಮುಖ ತೋರಿಸಿ ನನಗೇನು ಆಗಬೇಕಿದೆ! ನನ್ನ ಹೊಟ್ಟೆ ಉರಿದದ್ದು ಒಂದೇ ಒಂದು ಸಾಲಿಗೆ. “ನರ್ಸುಗಳ ಕಷ್ಟಸುಖವನ್ನು ಮನಗಂಡ ಅಂದಿನ ಅಧ್ಯಕ್ಷರು ತಮ್ಮ ದೂರದೃಷ್ಟಿಯಿಂದ ಕೇಸು ಕಾರ್ಡಿನಲ್ಲಿ ‘ನರ್ಸು ಮನೆಗೆ ಹೋಗಬೇಕಿದೆ’ ಎಂಬ ಮೂರನೆಯ ಖಾನೆಯನ್ನು ಸೇರಿಸಿದರು.” ದೂರದೃಷ್ಟಿಯಂತೆ! ಆ ಖಾನೆ ಬರಬೇಕಾದರೆ ಆ ಮಹಾನುಭಾವರು ಒಂದು ಸಲ ಸಾಯಬೇಕಾಯಿತು. ಆ ಕೇಸಿನ ನರ್ಸು ನಾನು, ಹಾಗಾಗಿ ನಾನೇ ಹೇಳುತ್ತೇನೆ.

ಸೇವಾಭಾವದಿಂದ ಈ ವಿಭಾಗ ಹುಟ್ಟಿತು ಎಂದೂ ಸಂಚಿಕೆಯಲ್ಲಿದೆ. ಶುದ್ಧ ಸುಳ್ಳು. ಅದು ಹುಟ್ಟಿದ್ದು ಒಬ್ಬ ಅತ್ತೆಯಿಂದ. ನಾವೆಲ್ಲ ದೊಡ್ಡ ಡಾಕ್ಟ್ರು ಎಂದು ಕರೆಯುತ್ತಿದ್ದ ಅಧ್ಯಕ್ಷರು ಆಗಿನ್ನೂ ಸಂಘದ ಕಾರ್ಯದರ್ಶಿ, ತಲೆ ತುಂಬ ಕೂದಲಿದ್ದ ಕಾಲ. ಅವರ ಹೆಂಡತಿಯ ತಾಯಿ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡು ಅಳಿಯನ ಮನೆಯಲ್ಲಿ ಮಲಗಿದರು. ಮುರಿದದ್ದು ಕಾಲು ಮಾತ್ರ, ಬಾಯಿ ಗಟ್ಟಿಯಾಗಿಯೇ ಇತ್ತು. ಬಂದ ನರ್ಸುಗಳು ಒಬ್ಬರ ಹಿಂದೊಬ್ಬರು ಚೀಲ ಎತ್ತಿಕೊಂಡು ಓಡಿದರು. ಒಬ್ಬಳಂತೂ ಥರ್ಮಾಮೀಟರನ್ನು ಆ ತಾಯಿಯ ಬಾಯಲ್ಲೇ ಬಿಟ್ಟು ಹೋದಳಂತೆ. ಕೊನೆಗೆ ಅತ್ತೆಯ ಸೇವೆ ಅಳಿಯನ ಕೊರಳಿಗೇ ಬಿತ್ತು. ಆ ಸಂಕಟದಲ್ಲಿ ಅವರು ಹಾಸಿಗೆಯ ಪಕ್ಕ ಕೂತು ನಿಯಮ ಬರೆದರು.

ನರ್ಸುಗಳೆಲ್ಲ ಸಂಘದಲ್ಲಿ ಹೆಸರು ಬರೆಸಬೇಕು. ರೋಗಿಯ ಮನೆಯವರು ಸಂಘಕ್ಕೆ ಫೋನ್ ಮಾಡಬೇಕು. ಸರದಿಯಲ್ಲಿ ಯಾರಿದ್ದಾರೋ ಅವರು ಹೋಗಬೇಕು, ಹೋದವಳು ಡಾಕ್ಟರು ಬಿಡುವ ತನಕ ಅಲ್ಲಿಂದ ಅಲ್ಲಾಡಬಾರದು. ಬದಲಿ ನರ್ಸು ಎಂಬ ಮಾತೇ ಇಲ್ಲ, ಮುಖ ಬದಲಾದರೆ ರೋಗಿ ಕಂಗೆಡುತ್ತಾನಂತೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಡಾಕ್ಟರ ಮುಂದೆ ಕೂರಬಾರದು. ರೋಗಿಯ ಮುಂದೆ ನಗಬಾರದು. ಮನೆಯವರ ಜೊತೆ ಊಟ ಮಾಡಬಾರದು, ಸಲಿಗೆ ಬೆಳೆಯುತ್ತದೆ. ಆಳುಕಾಳುಗಳ ಜೊತೆಯೂ ಮಾಡಬಾರದು, ವೃತ್ತಿಯ ಘನತೆ ಕುಗ್ಗುತ್ತದೆ. ಹಾಗಾದರೆ ಎಲ್ಲಿ ಮಾಡಬೇಕು ಎಂದರೆ ಅದಕ್ಕೆ ನಿಯಮ ಇರಲಿಲ್ಲ. ಈ ಊರಿನ ದೊಡ್ಡ ಮನೆಗಳ ಮೆಟ್ಟಿಲುಗಳ ಮೇಲೆಲ್ಲ ನಾನು ಊಟ ಮಾಡಿದ್ದೇನೆ. ಯಾರ ಮನೆಯದು ಅಗಲ, ಯಾರದು ಕಿರಿದು, ಯಾವುದರ ಮೇಲೆ ತಟ್ಟೆ ನಿಲ್ಲುವುದಿಲ್ಲ, ಬೇಕಾದರೆ ಕೇಳಿ.

ನೋಂದಣಿ ವಿಭಾಗ ಎಂದರೆ ಸಂಘದ ಕಟ್ಟಡದಲ್ಲಿ ಮಹಡಿಯ ಮೆಟ್ಟಿಲಡಿಯ ಒಂದು ಕೋಣೆ. ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ಒಂದು ಮೇಜು, ಒಂದು ಫೋನು, ಗೋಡೆಯ ಮೇಲೆ ಮೊಳೆ ಹೊಡೆದ ಹಲಗೆ. ಹಲಗೆಯ ಒಂದು ಕಡೆ ‘ಬಿಡುವು’, ಇನ್ನೊಂದು ಕಡೆ ‘ಕೇಸಿನಲ್ಲಿ’. ನಮ್ಮ ಹೆಸರು ಬರೆದ ಮರದ ಬಿಲ್ಲೆಗಳು ಆ ಕಡೆಯಿಂದ ಈ ಕಡೆಗೆ ತೂಗಾಡುತ್ತಿದ್ದವು. ಅಲ್ಲಿದ್ದ ಗುಮಾಸ್ತರಿಗೆ ನಾವು ಹಲೋ ಮಾವ ಎನ್ನುತ್ತಿದ್ದೆವು. ಫೋನೆತ್ತಿದರೆ ಮೂರು ಸಲ ಹಲೋ ಅನ್ನದೆ ಮಾತು ಶುರು ಮಾಡುವ ಜೀವವಲ್ಲ ಅದು. ಬಿಲ್ಲೆ ಮುಟ್ಟುವ ಮೊದಲು ಕೈ ಒರೆಸಿಕೊಳ್ಳುತ್ತಿದ್ದರು. ನಿಯಮದ ಪುಸ್ತಕವನ್ನು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟವರಲ್ಲ.

ಕೇಸು ಮುಗಿದ ಮೇಲೆ ಬಿಲ್ಲೆ ಮತ್ತೆ ‘ಬಿಡುವು’ ಕಡೆಗೆ ಬರಬೇಕಾದರೆ ಒಂದು ಕಾರ್ಡು ತುಂಬಬೇಕಿತ್ತು. ಕಾರ್ಡಿನಲ್ಲಿ ಎರಡೇ ಖಾನೆ. ‘ಗುಣವಾಯಿತು’, ಇದಕ್ಕೆ ಚಿಕಿತ್ಸೆ ಕೊಟ್ಟ ಡಾಕ್ಟರ ಸಹಿ ಬೇಕು. ‘ತೀರಿಕೊಂಡರು’, ಇದಕ್ಕೆ ಯಾರ ಸಹಿಯೂ ಬೇಡ. ದುಃಖದಲ್ಲಿರುವವರಿಗೆ ತೊಂದರೆ ಕೊಡಬಾರದು ಎಂದು ದೊಡ್ಡ ಡಾಕ್ಟ್ರೇ ಹಾಗೆ ಮಾಡಿದ್ದರು. ರೋಗಿ ಬದುಕಿರುವಾಗ ನರ್ಸಿಗೆ ಮನೆಗೆ ಹೋಗಬೇಕಾದ ಸಂದರ್ಭ ಬರಬಹುದು ಎಂಬುದು ಮಾತ್ರ ಅವರ ತಲೆಗೆ ಹೊಳೆಯಲಿಲ್ಲ. ನರ್ಸಿಗೂ ಒಂದು ಮನೆ ಇರುತ್ತದೆ ಎಂದು ಯಾರಾದರೂ ಅವರಿಗೆ ಹೇಳಬೇಕಿತ್ತು.

ಹೀಗೆ ವರ್ಷಗಳು ಹೋದವು. ಅವರು ಅಧ್ಯಕ್ಷರಾದರು, ಆಗಿಯೇ ಉಳಿದರು. ಒಂದು ದಿನ ಅವರಿಗೇ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಸರದಿಯಲ್ಲಿ ನಾನಿದ್ದೆ, ಹೋದೆ. ಜ್ವರ ಇಳಿಯಿತು, ಕೆಮ್ಮು ನಿಂತಿತು, ಹಸಿವು ಮರಳಿತು. ಮರಳಿತು ಅಂದರೆ ಸಾಮಾನ್ಯವಾಗಿ ಅಲ್ಲ, ಬಡ್ಡಿ ಸಮೇತ ಬಂತು. ಆದರೆ ಹಾಸಿಗೆ ಬಿಟ್ಟು ಏಳುವ ಲಕ್ಷಣ ಇರಲಿಲ್ಲ. ದಿಂಬು ಸರಿಮಾಡಲು ಒಬ್ಬಳು, ಪೇಪರ್ ಓದಿ ಹೇಳಲು ಒಬ್ಬಳು, ಕಿಟಕಿ ಒಮ್ಮೆ ತೆರೆದು ಒಮ್ಮೆ ಮುಚ್ಚಲು ಒಬ್ಬಳು, ಎಲ್ಲ ಒಬ್ಬಳೇ. ಯಾರಿಗೆ ಬೇಡ ಹೇಳಿ? ವಿಶ್ರಾಂತಿಗೆ ಭಂಗ ಎಂದು ಮನೆಯ ಫೋನಿನ ತಂತಿ ಕೀಳಿಸಿದ್ದರು. ಗೇಟಿಗೆ ‘ಭೇಟಿ ಇಲ್ಲ’ ಎಂದು ಬೋರ್ಡು ಹಾಕಿಸಿದ್ದರು. ಅವರಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರು ಯಾರು ಗೊತ್ತೇ? ಅವರೇ.

“ಬೇರೆಯವರ ಕೈಗೆ ನಾನು ನಾಡಿ ಕೊಡೋದಾ?” ಎನ್ನುತ್ತಿದ್ದರು. “ಅವರಿಗೆಲ್ಲ ಪಾಠ ಹೇಳಿದ್ದು ನಾನು. ಅವರಿಗೆ ಎಷ್ಟು ಗೊತ್ತು ಅಂತ ನನಗೆ ಗೊತ್ತಿಲ್ವಾ?”

ಹೀಗಿರುವಾಗ ಒಂದು ಮಧ್ಯಾಹ್ನ ಹಲೋ ಮಾವ ಹಿತ್ತಲ ಬಾಗಿಲಿಗೆ ಬಂದರು. ಬಿಸಿಲಿನಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು.

“ನಿಮ್ಮಣ್ಣ ಸಂಘಕ್ಕೆ ಫೋನ್ ಮಾಡಿದ್ರು ಕಣಮ್ಮ. ನಿಮ್ಮ ತಾಯಿ ಹಾಸಿಗೆ ಹಿಡಿದಿದ್ದಾರಂತೆ. ನಿನ್ನನ್ನೇ ಕೇಳ್ತಿದ್ದಾರಂತೆ. ತಡ ಮಾಡಬೇಡ, ಹೊರಡೋಕೆ ಹೇಳಿ ಅಂದ್ರು.”

ತಡ ಮಾಡಬೇಡ ಎನ್ನುವ ಮಾತಿನ ಅರ್ಥ ನನ್ನಂಥವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರವರ ತಾಯಂದಿರನ್ನೆಲ್ಲ ನೋಡಿಕೊಂಡೆ, ನನ್ನ ತಾಯಿಯನ್ನು ನೋಡಲು ಹೋಗಬೇಕಾದರೆ ಸಹಿ ಬೇಕು. ಸಹಿಯಿಲ್ಲದೆ ಹೋದರೆ ಹಲಗೆಯಿಂದ ಬಿಲ್ಲೆ ತೆಗೆಯುತ್ತಾರೆ. ಬಿಲ್ಲೆ ಇಲ್ಲದವಳನ್ನು ಈ ಊರಿನ ಯಾವ ಡಾಕ್ಟರೂ ಕರೆಯುವುದಿಲ್ಲ. ಅಮ್ಮನ ಔಷಧಿ, ನನ್ನ ಅನ್ನ, ಎರಡೂ ಆ ಮೊಳೆಗೇ ತೂಗುಹಾಕಿದ್ದವು.

ಒಳಗೆ ಹೋಗಿ ನೇರವಾಗಿ ಕೇಳಿದೆ. “ಸಾರ್, ನನ್ನ ತಾಯಿಗೆ ಹುಷಾರಿಲ್ಲ. ನೀವು ಗುಣವಾಗಿದ್ದೀರಿ. ಒಂದು ಸೈನ್ ಹಾಕಿಬಿಟ್ರೆ ನಾನು ಹೊರಡ್ತೀನಿ.”

ಅವರು ಬಲಗೈಯಿಂದ ತಮ್ಮ ಎಡಗೈ ಹಿಡಿದು, ಕಣ್ಣು ಮುಚ್ಚಿ, ತಮ್ಮ ನಾಡಿಯನ್ನು ತಾವೇ ನೋಡಿಕೊಂಡರು. ತುಂಬ ಹೊತ್ತು ನೋಡಿದರು. ಆಮೇಲೆ ತಲೆಯಾಡಿಸಿದರು.

“ಈ ರೋಗಿ ಪೂರ್ತಿ ಚೇತರಿಸಿಕೊಂಡಿದ್ದಾನೆ ಅಂತ ನನಗೆ ಅನ್ನಿಸ್ತಾ ಇಲ್ಲ ಸಿಸ್ಟರ್.”

“ರೋಗಿ ಏನಂತಾರೆ ಸಾರ್?”

“ಡಾಕ್ಟರಾದವನು ರೋಗಿಯ ಮಾತು ಕೇಳಬಾರದು. ಆ ಕಿಟಕಿ ಸ್ವಲ್ಪ ಮುಚ್ಚು.”

ಅವರ ಹೆಂಡತಿಯ ಬಳಿ ಹೋದೆ. ಅಮ್ಮಾವ್ರು ಒಳ್ಳೆಯವರು, ನನ್ನ ಕೈ ಹಿಡಿದು ಕಣ್ಣೀರು ಹಾಕಿದರು. “ನಿನ್ನ ಸಂಕಟ ನನಗೆ ಗೊತ್ತಾಗುತ್ತಮ್ಮ. ಆದ್ರೆ ಇವರು ಎದ್ದರೆ ಸೀದಾ ಅಡುಗೆಮನೆಗೆ ಬರ್ತಾರೆ. ಉಪ್ಪು ಎಷ್ಟು ಹಾಕಿದೆ, ಎಣ್ಣೆ ಎಷ್ಟು ಹಾಕಿದೆ ಅಂತ ಡಬ್ಬಿ ಡಬ್ಬಿ ತೆಗೆದು ನೋಡ್ತಾರೆ. ಮದುವೆಯಾದ ಮೇಲೆ ಈಗಲೇ ನಾನು ನೆಮ್ಮದಿಯಾಗಿರೋದು. ಇನ್ನೊಂದು ನಾಲ್ಕು ದಿನ ಇದ್ದುಬಿಡು.”

ಅವರ ಶಿಷ್ಯ, ಪಕ್ಕದ ಬೀದಿಯ ಮರಿ ಡಾಕ್ಟರ ಕ್ಲಿನಿಕ್ಕಿಗೆ ಓಡಿದೆ. ಅವನು ಹಾವು ತುಳಿದವನ ಹಾಗೆ ಹಿಂದೆ ಸರಿದ. “ನಾನಾ? ಸೈನಾ? ಅವರು ಹುಷಾರಾಗಿದ್ದಾರೆ ಅಂತ ನಾನು ಹೇಳಬೇಕಾದ್ರೆ ಅವರ ಪರ್ಮಿಷನ್ ಬೇಕು ಸಿಸ್ಟರ್. ಅದೂ ಅಲ್ದೆ ಅವರು ಹುಷಾರಾಗಿಲ್ಲ ಅಂತ ಅವರೇ ಹೇಳಿದ್ಮೇಲೆ, ಅವರು ಹುಷಾರಾಗಿದ್ದರೂ ಆಗಿಲ್ಲ.” ಆರು ವರ್ಷ ಓದಿ ಇದನ್ನು ಕಲಿತಿದ್ದ.

ಮರುದಿನ ಬೆಳಿಗ್ಗೆ ದೊಡ್ಡ ಡಾಕ್ಟ್ರಿಗೆ ತಿಂಡಿ ಕೊಟ್ಟು, ತಟ್ಟೆ ತೊಳೆದಿಟ್ಟು, ಅಮ್ಮಾವ್ರಿಗೆ ಹೋಗುತ್ತೇನೆಂದು ಹೇಳಿ, ಯೂನಿಫಾರಂನಲ್ಲೇ ಚೀಲ ಹಿಡಿದು ಹೊರಟೆ. ಹೋಗಲಿ ಬಿಡು, ಬಿಲ್ಲೆಯೂ ಬೇಡ, ಹಲಗೆಯೂ ಬೇಡ. ಸೀದಾ ಮೆಟ್ಟಿಲಡಿಯ ಕೋಣೆಗೆ ಹೋಗಿ, “ಮಾವ, ನಾನು ಕೇಸು ಬಿಟ್ಟು ಹೊರಟೆ. ನನ್ನ ಬಿಲ್ಲೆ ಕಿತ್ತು ಬಿಸಾಕಿ,” ಎಂದೆ. ಹೇಳುವಾಗ ಅಳು ಬಂತು, ಅದಕ್ಕೂ ಸಿಟ್ಟು ಬಂತು.

ಹಲೋ ಮಾವ ಬಿಲ್ಲೆಯ ಹತ್ತಿರ ಹೋದರು, ವಾಪಸ್ಸು ಬಂದರು. ನಿಯಮದ ಪುಸ್ತಕ ತೆಗೆದರು. “ಬಿಲ್ಲೆ ಕೀಳೋಕೆ ಕಮಿಟಿ ಕೂರಬೇಕು. ಕಮಿಟಿ ಕೂರೋಕೆ ಅಧ್ಯಕ್ಷರು ಬರಬೇಕು. ಅವರು ಮಲಗಿದ್ದಾರೆ. ಹಾಗಾಗಿ ಕೀಳೋ ಹಾಗಿಲ್ಲ,” ಎಂದರು. ಆಮೇಲೆ ಕಾರ್ಡು ತೆಗೆದು ಮುಂದಿಟ್ಟುಕೊಂಡರು. “ಮೊದಲ ಖಾನೆಗೆ ಸಹಿ ಇಲ್ಲ. ಇನ್ನು ಉಳಿದದ್ದು ಒಂದೇ,” ಎಂದು ಪೆನ್ನಿನ ಕ್ಯಾಪು ತೆಗೆದರು.

“ಅಯ್ಯೋ ಮಾವ, ಏನ್ ಮಾಡ್ತಿದ್ದೀರಿ! ಅವರು ಈಗ ತಾನೇ ಎರಡು ಮೊಟ್ಟೆ ತಿಂದ್ರು!”

“ತಿನ್ನಲಿ ಬಿಡಮ್ಮ. ಕಾರ್ಡಿನಲ್ಲಿ ಮೊಟ್ಟೆಗೆ ಜಾಗ ಇಲ್ಲ.” ದುಂಡಗೆ, ನಿಧಾನವಾಗಿ ಗುರುತು ಹಾಕಿ, ನನ್ನ ಬಿಲ್ಲೆಯನ್ನು ಕೈ ಒರೆಸಿಕೊಂಡು ‘ಬಿಡುವು’ ಕಡೆಗೆ ತೂಗುಹಾಕಿದರು. “ನೀನು ಹೋಗಿ ತಾಯೀನ ನೋಡ್ಕೊ. ಇದನ್ನ ಯಾರು ಓದ್ತಾರೆ? ಈ ಕೋಣೆಗೆ ಒಬ್ಬ ಡಾಕ್ಟರೂ ತಲೆ ಹಾಕಿದ್ದು ನಾನು ನೋಡಿಲ್ಲ.” ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಬಸ್ಸಿಗೆ ಓಡಿದೆ.

ಆಮೇಲೆ ನಡೆದದ್ದನ್ನು ಹಲೋ ಮಾವನೇ ನನಗೆ ಹೇಳಿದ್ದು. ಆ ಕೋಣೆಗೆ ಯಾರೂ ತಲೆ ಹಾಕುವುದಿಲ್ಲ ಎಂಬ ಲೆಕ್ಕದಲ್ಲಿ ಉಪಾಧ್ಯಕ್ಷರನ್ನು ಅವರು ಮರೆತಿದ್ದರು. ಉಪಾಧ್ಯಕ್ಷರು ಹೊರಗಿನಿಂದಲೇ ಹಲಗೆಯ ಮೇಲೆ ಕಣ್ಣಿಟ್ಟಿದ್ದರು. ದೊಡ್ಡ ಡಾಕ್ಟ್ರ ನರ್ಸಿನ ಬಿಲ್ಲೆ ಕಡೆ ಬದಲಾಯಿಸಿದ್ದು ನೋಡಿ ಒಳಗೆ ಬಂದು ಕಾರ್ಡು ಓದಿದರು. ಓದಿ, ಕನ್ನಡಕ ತೆಗೆದು ಒರೆಸಿ, ಮುಖವನ್ನು ಅಳುವ ಹದಕ್ಕೆ ತಂದುಕೊಂಡು ಮಹಡಿ ಹತ್ತಿದರು. ಹಲೋ ಮಾವ ಬಾಯಿ ತೆರೆಯುವಷ್ಟರಲ್ಲಿ ಮೇಲೆ ಕುರ್ಚಿ ಎಳೆದ ಸದ್ದು ಕೇಳಿಸಿತಂತೆ.

ಸಂಜೆಗೆ ಸಂತಾಪ ಸಭೆ. ಊರಿನ ಡಾಕ್ಟರುಗಳೆಲ್ಲ ಸೇರಿದ್ದರು. ಸತ್ತದ್ದು ಹೌದೋ ಅಲ್ಲವೋ ಎಂದು ನೋಡಲು ಒಬ್ಬರಾದರೂ ಮನೆಗೆ ಹೋದರೇ? ಇಲ್ಲ. ಫೋನ್ ಮಾಡಿದರೆ ಹೋಗುತ್ತಿರಲಿಲ್ಲ. ಗೇಟಿನಲ್ಲಿ ‘ಭೇಟಿ ಇಲ್ಲ’ ಎಂದಿತ್ತು. ಸಾವಿನ ಮನೆಯಲ್ಲಿ ಹಾಗೆ ಹಾಕುವುದು ಸಹಜ ಎಂದುಕೊಂಡರು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಉಪಾಧ್ಯಕ್ಷರು ಗಂಟಲು ಕಟ್ಟಿಕೊಂಡು ಮಾತಾಡಿದರು, ಖಾಲಿ ಕುರ್ಚಿ ನೋಡಲಾಗುತ್ತಿಲ್ಲ ಎಂದರು, ನೋಡಲಾಗದೆ ಅದರ ಮೇಲೆ ಕೂತುಬಿಟ್ಟರು.

ಇತ್ತ ದೊಡ್ಡ ಡಾಕ್ಟ್ರು ಮರುದಿನ ಪೇಪರಿನಲ್ಲಿ ತಮ್ಮ ಫೋಟೋ ನೋಡಿದರು. ಓದಿ ಹೇಳಲು ನಾನಿರಲಿಲ್ಲ, ತಾವೇ ಓದಿಕೊಳ್ಳಬೇಕಾಯಿತು. ಯಾವ ಔಷಧಿಯೂ ಮಾಡದ ಕೆಲಸ ಅದು ಮಾಡಿತು. ಹಾಸಿಗೆಯಿಂದ ಹಾರಿ ಎದ್ದು ಸಂಘಕ್ಕೆ ನುಗ್ಗಿದರು. ಅಲ್ಲಿ ಉಪಾಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂತು, ಬೆಣ್ಣೆಯ ಹಾಗೆ ಮಾತಾಡಿದರಂತೆ.

“ಸಾರ್, ನಿಮ್ಮನ್ನ ಹೀಗೆ ನೋಡಿ ನಮಗೆಲ್ಲ ತುಂಬಾ ಸಂತೋಷ. ಆದ್ರೆ ಸಂಘದ ದಾಖಲೆ ಪ್ರಕಾರ ನೀವು ತೀರಿಕೊಂಡಿದ್ದೀರಿ. ಅದನ್ನ ‘ಗುಣವಾಯಿತು’ ಅಂತ ತಿದ್ದೋಕೆ ಚಿಕಿತ್ಸೆ ಕೊಟ್ಟ ಡಾಕ್ಟರ ಸಹಿ ಬೇಕು.”

“ಆ ಡಾಕ್ಟರು ನಾನೇ ಕಣಯ್ಯಾ! ಕೊಡು ಇಲ್ಲಿ, ಹಾಕ್ತೀನಿ!”

“ಅದೇ ತೊಂದರೆ ಸಾರ್. ಆ ಡಾಕ್ಟರೂ ತೀರಿಕೊಂಡಿದ್ದಾರಲ್ಲ. ಒಂದು ದಾರಿ ಇದೆ. ಕೇಸಿನಲ್ಲಿದ್ದ ನರ್ಸು ಖುದ್ದಾಗಿ ಬಂದು ಹೇಳಿಕೆ ಕೊಟ್ಟರೆ ದಾಖಲೆ ತಿದ್ದಬಹುದು. ನಿಯಮ ನೀವೇ ಬರೆದದ್ದು.”

ಸಂಚಿಕೆಯಲ್ಲಿ ಇಷ್ಟೂ ಸಂಗತಿಗೆ ಒಂದು ಸಾಲು ಸಿಕ್ಕಿದೆ: “ಕೆಲಕಾಲದ ಆಡಳಿತಾತ್ಮಕ ಗೊಂದಲದ ನಂತರ ಅಧ್ಯಕ್ಷರು ಪುನಃ ಅಧಿಕಾರ ವಹಿಸಿಕೊಂಡರು.” ವಹಿಸಿಕೊಂಡರು, ನಿಜ. ಯಾವಾಗ, ಹೇಗೆ ಎಂದು ಬರೆಯಲು ಕೈ ಬರಲಿಲ್ಲ. ಅಮ್ಮನ ಬಳಿಯಿಂದ ನಾನು ಮರಳಿ ಬಂದು ಹೇಳಿಕೆ ಕೊಟ್ಟ ಮೇಲೆ ವಹಿಸಿಕೊಂಡರು, ಕುರ್ಚಿಗೆ ಕೂತು ಮೊದಲು ಸೇರಿಸಿದ್ದೇ ಆ ಮೂರನೆಯ ಖಾನೆ.

ನಾನು ಅಣ್ಣನ ಮನೆ ಮುಟ್ಟಿದಾಗ ಅಮ್ಮ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದಳು. ಇಷ್ಟು ಚಿಕ್ಕವಳಾಗಿದ್ದಾಳೆಯೇ ಎನ್ನಿಸಿತು. ಅಣ್ಣ ತಲೆ ತಗ್ಗಿಸಿ ನಿಂತಿದ್ದ, ಅತ್ತಿಗೆಯ ಕಣ್ಣು ನಿದ್ದೆಗೆಟ್ಟು ಊದಿಕೊಂಡಿತ್ತು. ನಾನು ಕೈ ಹಿಡಿದ ಕೂಡಲೇ ಅಮ್ಮ ಕಣ್ಣು ತೆರೆದು ನನ್ನ ಬಿಳಿ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿದಳು.

“ಬಂದ್ಯಾ ಸಿಸ್ಟರ್? ನನ್ನ ಮಗಳು ಕಳಿಸಿದ್ಲಾ?”

“ನಾನೇ ಕಣಮ್ಮ, ನಿನ್ನ ಮಗಳು.”

ಹೊರಗಿನವರ ಮಾತಿಗೆ ನಗುವ ಹಾಗೆ ಮರ್ಯಾದೆಗೆ ನಕ್ಕಳು. “ಅವಳಿಗೂ ಇದೇ ಕೆಲಸ. ಬಿಡಲ್ಲಂತೆ ಅವಳನ್ನ. ಪಾಪ, ಒಳ್ಳೆಯವಳನ್ನೇ ಹುಡುಕಿ ಕಳಿಸಿರ್ತಾಳೆ.” ಮತ್ತೆ ಮತ್ತೆ ಹೇಳಿದೆ, ಹೆಸರು ಹೇಳಿದೆ, ಅಣ್ಣನೂ ಹೇಳಿದ. ಅವಳು ಹೂಂ ಹೂಂ ಎನ್ನುತ್ತಿದ್ದಳು, ನಂಬಲಿಲ್ಲ. ಕೈಗೆ ಸಿಕ್ಕ ಕೆಲಸ ಮಾಡುತ್ತ ಹೋದೆ, ಮೈ ಒರೆಸಿದೆ, ಹಾಸಿಗೆ ಬದಲಿಸಿದೆ, ಚಮಚದಲ್ಲಿ ನೀರು ಹನಿಸಿದೆ. ಆ ಇಡೀ ಹೊತ್ತು ಅವಳು ಸಿಸ್ಟರ್, ಸಿಸ್ಟರ್ ಎಂದೇ ಕರೆದಳು. ಬಟ್ಟೆ ಬದಲಿಸುವಷ್ಟು ಹೊತ್ತೂ ಅವಳನ್ನು ಬಿಟ್ಟೇಳಲು ನನಗೆ ಧೈರ್ಯವಾಗಲಿಲ್ಲ.

ಮರುದಿನ ಮಧ್ಯಾಹ್ನ ಬೀದಿಯಲ್ಲಿ ಕಾರು ನಿಂತಿತು. ದೊಡ್ಡ ಡಾಕ್ಟ್ರು ಬಾಗಿಲು ತಟ್ಟದೆ ಒಳಗೆ ಬಂದರು. ಸತ್ತವರಿಗೆ ಇರಬೇಕಾದ್ದಕ್ಕಿಂತ ಹೆಚ್ಚು ಬಣ್ಣ ಮುಖದಲ್ಲಿತ್ತು.

“ಏಳು! ಕಾರು ನಿಂತಿದೆ. ಬಂದು, ಇವರು ಬದುಕಿದ್ದಾರೆ ಅಂತ ಒಂದು ಮಾತು ಹೇಳು. ಆಮೇಲೆ ನಾನೇ ತಂದು ಬಿಡ್ತೀನಿ.”

“ನಾನು ಕೇಸಿನಲ್ಲಿದ್ದೀನಿ ಸಾರ್. ಸಹಿ ಇಲ್ಲದೆ ಏಳೋ ಹಾಗಿಲ್ಲ.”

“ಏನ್ ತಮಾಷೆ ಮಾಡ್ತಿದ್ದೀಯಾ? ಯಾರು ಇಲ್ಲಿ ಡಾಕ್ಟರು?”

“ನೀವೇ ಇದ್ದೀರಲ್ಲ. ನೋಡಿ, ಗುಣವಾಯಿತು ಅಂತ ಬರೆದುಕೊಡಿ. ಬರ್ತೀನಿ.”

ಅವರು ಬುಸುಗುಡುತ್ತ ಮಂಚದ ಬಳಿ ಬಂದು ಅಮ್ಮನ ಕೈ ಎತ್ತಿಕೊಂಡರು. ಒಂದು ಗಳಿಗೆಯ ಕೆಲಸ ಎಂಬಂತೆ ಹಿಡಿದರು. ಆಮೇಲೆ ಬೆರಳು ಸ್ವಲ್ಪ ಸರಿಸಿ ಇನ್ನೊಮ್ಮೆ ನೋಡಿದರು. ಬಗ್ಗಿ ಉಸಿರು ಕೇಳಿದರು, ಕಾಲಿನ ಬೆರಳು ಮುಟ್ಟಿದರು. ಅವರ ಸಿಟ್ಟು ಎಲ್ಲಿ ಹೋಯಿತೋ. ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಇಟ್ಟು, ನನ್ನ ಕಡೆ ನೋಡಲಾರದೆ ಕಿಟಕಿಯ ಕಡೆ ನೋಡಿದರು. ಅವರು ಬೇರೆಯವರ ನಾಡಿ ಹಿಡಿದು ಎಷ್ಟು ಕಾಲವಾಗಿತ್ತೋ ನನಗೆ ತಿಳಿಯದು.

ಅಷ್ಟರಲ್ಲಿ ಅಮ್ಮ ಕಣ್ಣು ತೆರೆದಳು. “ಡಾಕ್ಟ್ರಾ?”

“ಹೌದಮ್ಮ.”

“ಈ ಹುಡುಗಿ ಕೂತ ಕಡೆಯಿಂದ ಎದ್ದಿಲ್ಲ.” ಉಸಿರು ತೆಗೆದುಕೊಂಡು ನನ್ನ ಕಡೆ ತಿರುಗಿದಳು. “ನಿನಗೆ ತಾಯಿ ಇದ್ದಾಳಾ ಸಿಸ್ಟರ್?”

“ಇದ್ದಾಳಮ್ಮ.”

“ಚೆನ್ನಾಗಿದ್ದಾಳಾ?”

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. “ಇಲ್ಲ. ಹಾಸಿಗೆ ಹಿಡಿದಿದ್ದಾಳೆ.”

“ಅಯ್ಯೋ! ಮತ್ತೆ ಇಲ್ಲೇನ್ ಮಾಡ್ತಿದ್ದೀಯ?” ಎಲ್ಲಿತ್ತೋ ಆ ಶಕ್ತಿ, ತಲೆ ಎತ್ತಲು ನೋಡಿದಳು. “ಅಲ್ಲಿ ಅವಳು ಬಾಗಿಲು ನೋಡ್ತಾ ಮಲಗಿರ್ತಾಳೆ. ಡಾಕ್ಟ್ರೇ, ಇವಳನ್ನ ಬಿಟ್ಟು ಕಳಿಸಿ. ನನಗೇನೂ ಆಗಿಲ್ಲ, ನಾನು ಚೆನ್ನಾಗಿದ್ದೀನಿ. ಕಳಿಸಿಬಿಡಿ ಇವಳನ್ನ.”

ದೊಡ್ಡ ಡಾಕ್ಟ್ರು ಅವಳ ಹೊದಿಕೆ ಸರಿಮಾಡಿದರು. “ಕಳಿಸ್ತೀನಮ್ಮ,” ಎಂದರು. ನನ್ನ ಕಡೆ ತಿರುಗಿ, “ಹೋಗಮ್ಮ. ನಿನ್ನ ತಾಯಿ ಹತ್ರ ಹೋಗು. ನಾನಿಲ್ಲಿ ಕೂತಿರ್ತೀನಿ,” ಎಂದರು.

ನಾನು ಎದ್ದು ಒಳಗೆ ಹೋದೆ. ಅತ್ತಿಗೆ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದಳು. ಯೂನಿಫಾರಂ ಕಳಚಿ ಅವಳ ಹಳೆಯ ಬಟ್ಟೆ ಹಾಕಿಕೊಂಡೆ. ಕೂದಲ ಪಿನ್ನುಗಳನ್ನೆಲ್ಲ ಕಿತ್ತೆ, ಮುಖ ತೊಳೆದೆ. ಮತ್ತೆ ಕೋಣೆಗೆ ಬಂದು ಮಂಚದ ಬಳಿ ನಿಂತೆ.

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೊದಿಕೆಯೊಳಗಿಂದ ಕೈ ಈಚೆಗೆ ತೆಗೆದಳು.

“ಈಗ ಬಂದ್ಯಾ ಮಗಳೇ? ಬಿಟ್ರಾ ನಿನ್ನ?”

“ಬಿಟ್ರಮ್ಮ.”

“ಎಷ್ಟು ದಿನ ಇರ್ತೀಯ?”

ನೀನು ಇರೋ ತನಕ ಎಂಬ ಮಾತು ಬಾಯಿಯವರೆಗೆ ಬಂತು. “ನಿನಗೆ ಬೇಕಾದಷ್ಟು ದಿನ,” ಎಂದು ಆ ಕೈ ಹಿಡಿದುಕೊಂಡು ಕುಳಿತೆ.